ಮುಳ್ಳು ಚುಚ್ಚಿದ ಗಾಯ ಮಾಯದೆ ಗಂಟು ತೋಳಿಗೆ ಏರುತ್ತಿದ್ದರೆ ಏನು ಮಾಡಬೇಕು

ಲಿಂಬಿ ತೋಟದಲ್ಲಿ ದುಡಿಯುವವರ ಕೈಗೆ ಮುಳ್ಳು ಚುಚ್ಚುವುದು ದಿನದ ಮಾತು. ಕಾಗ್ಜಿ ಲಿಂಬಿಯ ಮುಳ್ಳು ಎಲೆಯ ಬುಡದಲ್ಲಿ ಅಡಗಿ ಕೂತಿರುತ್ತದೆ, ಹಣ್ಣಿಗೆ ಕೈ ಚಾಚಿದರೆ ಮೊದಲು ಸಿಗುವುದು ಅದೇ. ಚುಚ್ಚಿದ್ದಕ್ಕೆಲ್ಲ ದವಾಖಾನೆಗೆ ಓಡಿ ಅಂದರೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮುಳ್ಳು ಪೂರ್ತಿ ಕಿತ್ತು, ಸಾಬೂನು ಹಚ್ಚಿ ತೊಳೆದು, ಟಿಟಿ ಇಂಜೆಕ್ಷನ್ ಬಾಕಿ ಇದ್ದರೆ ಮಾಡಿಸಿಕೊಂಡರೆ ಸಾಕು, ಹೆಚ್ಚಿನ ಗಾಯ ತಾವೇ ಮಾಯುತ್ತವೆ. ನಾನು ಬರೆಯುತ್ತಿರುವುದು ಮಾಯದೆ ಉಳಿಯುವ ಗಾಯದ ಬಗ್ಗೆ. ಅದು ಅಪರೂಪ. ಆದರೆ ಬಂತೆಂದರೆ ತಿಂಗಳುಗಟ್ಟಲೆ ತಿರುಗಾಡಿಸುತ್ತದೆ. ಆ ತಿರುಗಾಟದಲ್ಲಿ ಅರ್ಧದಷ್ಟು, ದವಾಖಾನೆಯಲ್ಲಿ ಏನು ಹೇಳಬೇಕು, ಏನು ಕೇಳಬೇಕು ಅನ್ನುವುದು ಗೊತ್ತಿಲ್ಲದ್ದರಿಂದಲೇ ಆಗುವಂಥದು.

ನನಗೆ ಬಂದದ್ದರ ಹೆಸರು ಸ್ಪೊರೊಟ್ರೈಕೋಸಿಸ್. ಸ್ಪೊರೊಥ್ರಿಕ್ಸ್ ಅನ್ನುವ ಫಂಗಸ್ ಮಣ್ಣಲ್ಲಿ, ಕೊಳೆಯುವ ಕಟ್ಟಿಗೆಯಲ್ಲಿ, ಒಣ ಹುಲ್ಲಲ್ಲಿ, ಮುಳ್ಳುಕಂಟಿಯಲ್ಲಿ ಬದುಕುತ್ತದೆ. ಮುಳ್ಳಿನ ಜೊತೆ ಚರ್ಮದ ಕೆಳಗೆ ಇಳಿಯುತ್ತದೆ. ಗಜಕರ್ಣವೂ ಫಂಗಸ್ಸೇ, ಆದರೆ ಅದು ಚರ್ಮದ ಮೇಲ್ಪದರದ್ದು, ತುರಿಸುತ್ತದೆ, ಮನೆಮಂದಿಗೆಲ್ಲ ಹಬ್ಬುತ್ತದೆ. ಇದು ಒಳಗಿನದು. ಇದನ್ನು ಮೊದಲು ಗುರುತಿಸಿದ್ದು 1896ರಲ್ಲಿ, ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಬೆಂಜಮಿನ್ ಶೆಂಕ್ ಎಂಬವರು. 1940ರ ದಶಕದ ಮೊದಲ ವರ್ಷಗಳಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಸುಮಾರು ಮೂರು ಸಾವಿರ ಕಾರ್ಮಿಕರಿಗೆ ಇದು ಬಂದಿತ್ತು. ಗಣಿಯೊಳಗೆ ಆಸರೆಗೆ ನಿಲ್ಲಿಸಿದ ಮರದ ತೊಲೆಗಳಲ್ಲಿ ಫಂಗಸ್ ಬೆಳೆದಿತ್ತು, ಅವಕ್ಕೆ ಮೈ ಕೈ ತರಚಿಕೊಂಡವರಿಗೆಲ್ಲ ಹತ್ತಿತು. ನಮ್ಮ ದೇಶದಲ್ಲಿ ಹಿಮಾಚಲದ ಕಾಂಗ್ಡಾ ಕಡೆ, ಈಶಾನ್ಯ ರಾಜ್ಯಗಳ ಕಡೆ ಹೆಚ್ಚು. ನಮ್ಮ ಕಡೆ ವಿರಳ, ಅದಕ್ಕೇ ಡಾಕ್ಟರರ ತಲೆಗೂ ಮೊದಲು ಹೊಳೆಯುವುದಿಲ್ಲ. ಅದನ್ನು ಅವರ ತಪ್ಪು ಅನ್ನಲಾರೆ. ಹೊಳೆಯುವ ಹಾಗೆ ಹೇಳುವುದು ನಮ್ಮ ಕೈಯಲ್ಲೂ ಇದೆ.

ಹೇಗೆ ಗುರುತಿಸುವುದು

ಮುಳ್ಳು ಚುಚ್ಚಿ ಒಂದು ವಾರದಿಂದ ಮೂರು ತಿಂಗಳ ನಡುವೆ ಯಾವಾಗ ಬೇಕಾದರೂ ಶುರುವಾಗಬಹುದು. ಹಾಗಾಗಿ ಗಂಟು ಕಾಣುವ ಹೊತ್ತಿಗೆ ಮುಳ್ಳಿನ ನೆನಪೇ ಇರುವುದಿಲ್ಲ. ಚುಚ್ಚಿದ ಜಾಗದಲ್ಲಿ ಮೊದಲು ಕಡಲೆ ಗಾತ್ರದ ಗಟ್ಟಿ ಗಂಟು. ಕೆಂಪು ಅಥವಾ ನೇರಳೆ ಬಣ್ಣ. ಕೆಲವು ದಿನಕ್ಕೆ ಬಾಯಿ ಬಿಡುತ್ತದೆ, ಸ್ವಲ್ಪ ನೀರು ನೀರಾದ ಕೀವು ಬರುತ್ತದೆ, ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ಬಿದ್ದರೆ ಅಡಿಯಲ್ಲಿ ಹುಣ್ಣು ಹಾಗೇ ಇರುತ್ತದೆ. ಮಾಮೂಲಿ ಕುರುವಾಗಿದ್ದರೆ ಆ ಹೊತ್ತಿಗೆ ರಾತ್ರಿ ನಿದ್ದೆ ಕೊಡುತ್ತಿರಲಿಲ್ಲ. ಇದರಲ್ಲಿ ನೋವು ಅಷ್ಟಕ್ಕಷ್ಟೆ, ಜ್ವರ ಇಲ್ಲ. ನೋವಿಲ್ಲ ಅಂತಲೇ ಜನ ಬಿಟ್ಟುಬಿಡುತ್ತಾರೆ.

ನಿಜವಾದ ಗುರುತು ಆಮೇಲೆ ಬರುತ್ತದೆ. ಮೊದಲ ಗಂಟಿನ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು, ಒಂದೇ ಗೆರೆಯಲ್ಲಿ ಏರುತ್ತವೆ. ನನಗೆ ಬಲಗೈ ಉಂಗುರ ಬೆರಳಿನ ಹಿಂಭಾಗದಲ್ಲಿ ಶುರುವಾಗಿ, ಮುಂಗೈ ದಾಟಿ, ಮೊಳಕೈ ಕಡೆಗೆ ನಡೆದಿತ್ತು. ಗಂಟುಗಳ ನಡುವೆ ಬೆರಳಾಡಿಸಿದರೆ ಚರ್ಮದ ಕೆಳಗೆ ಗಟ್ಟಿಯಾದ ನರದಂಥದು ಕೈಗೆ ಹತ್ತುತ್ತಿತ್ತು. ಅದು ನರ ಅಲ್ಲ, ದುಗ್ಧನಾಳ, ಅಂದರೆ ಮೈಯೊಳಗಿನ ತಿಳಿ ನೀರು (ಲಿಂಫ್) ಹರಿಯುವ ನಾಳ. ಫಂಗಸ್ ಅದರೊಳಗೇ ಮೇಲೆ ಹೋಗುತ್ತದೆ. ನಮ್ಮೂರ ಆಶಾ ಕಾರ್ಯಕರ್ತೆ ಅದನ್ನು ಮುಟ್ಟಿ ನೋಡಿ ಕುಷ್ಠದ ಅನುಮಾನ ಪಟ್ಟು, ಅಲ್ಲಿ ಸ್ಪರ್ಶ ತಿಳಿಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿದಳು. ಸರಿಯಾಗಿಯೇ ಮಾಡಿದಳು. ಇದರಲ್ಲಿ ಸ್ಪರ್ಶ ಹೋಗುವುದಿಲ್ಲ, ಜೋಮು ಹಿಡಿಯುವುದಿಲ್ಲ.

ಎಲ್ಲರಿಗೂ ಸಾಲು ಬರಬೇಕೆಂದಿಲ್ಲ. ಕೆಲವರಿಗೆ ಚುಚ್ಚಿದ ಜಾಗದಲ್ಲೇ ಒಂದು ಹುಣ್ಣು ಕೂತುಬಿಡುತ್ತದೆ. ಮಕ್ಕಳಿಗೆ ಮುಖದ ಮೇಲೆ ಬರುವುದುಂಟು. ಮುಳ್ಳು, ಕಟ್ಟಿಗೆ, ಮಣ್ಣಿನ ಕೆಲಸ ಮಾಡುವವರಿಗೆ ಮೂರು ವಾರವಾದರೂ ಮಾಯದ ಗಾಯ ಇದ್ದರೆ ಸಾಲಿಗಾಗಿ ಕಾಯಬೇಡಿ.

ಇದಕ್ಕೆ ತದ್ವಿರುದ್ಧವಾಗಿ, ಒಂದೆರಡು ದಿನದಲ್ಲೇ ಕೈ ಕೆಂಪಾಗಿ ಊದಿಕೊಂಡು, ಮುಟ್ಟಿದರೆ ಬಿಸಿ ಹತ್ತಿ, ಚಳಿಜ್ವರ ಬಂದರೆ ಅದು ಬೇರೆ ಸೋಂಕು. ಅದಕ್ಕೆ ಅವತ್ತೇ ದವಾಖಾನೆ.

ಹಚ್ಚುವುದನ್ನು ನಿಲ್ಲಿಸಿ

ನಮ್ಮಲ್ಲಿ ಗಾಯಕ್ಕೆ ಅರಿಶಿಣ-ಎಣ್ಣೆ, ಸುಣ್ಣ-ಬೆಲ್ಲ, ಎಕ್ಕಿ ಹಾಲು, ಅದಾದ ಮೇಲೆ ಮೆಡಿಕಲ್ ಅಂಗಡಿಯ ಟ್ಯೂಬು. ಎಕ್ಕಿ ಹಾಲು ಚರ್ಮ ಸುಡುತ್ತದೆ, ಅದರ ಮೇಲೆ ಹುಣ್ಣು ನೋಡಿದರೆ ಯಾವ ಡಾಕ್ಟರಿಗೂ ಮೂಲ ಏನೆಂದು ತಿಳಿಯುವುದಿಲ್ಲ. ಟ್ಯೂಬಿನದು ಇನ್ನೊಂದು ಕಥೆ. ಚೀಟಿ ಇಲ್ಲದೆ ಕೊಡುವ ಬಹಳಷ್ಟು ಟ್ಯೂಬುಗಳಲ್ಲಿ ಫಂಗಸ್ ಔಷಧಿಯ ಜೊತೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಟ್ಯೂಬಿನ ಹಿಂದೆ ಬರೆದ ಹೆಸರುಗಳಲ್ಲಿ ಕ್ಲೋಬೆಟಸಾಲ್, ಬೆಕ್ಲೊಮೆಥಸೋನ್, ಬೀಟಾಮೆಥಸೋನ್ ಇದ್ದರೆ ಅದು ಸ್ಟೀರಾಯ್ಡ್. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ಗುಣವಾಯಿತು ಅನಿಸುತ್ತದೆ, ಒಳಗೆ ಫಂಗಸ್ಸಿಗೆ ಹಬ್ಬ. ಸ್ಟೀರಾಯ್ಡ್ ಇಲ್ಲದ ಬರೀ ಫಂಗಸ್ ಮುಲಾಮು ಹಚ್ಚಿದರೂ ಇದು ವಾಸಿಯಾಗುವುದಿಲ್ಲ, ಔಷಧಿ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಮೇಲಾಗಿ ಮುಂದೆ ಮಾಡುವ ಪರೀಕ್ಷೆಯನ್ನು ಕೆಡಿಸುತ್ತದೆ. ತೊಳೆದು, ಶುದ್ಧ ಬಟ್ಟೆ ಕಟ್ಟಿ, ಸುಮ್ಮನಿರಿ. ಗಂಟನ್ನು ಬ್ಲೇಡಿನಿಂದ ಕೊಯ್ದು ಹಿಂಡುವ ಕೆಲಸವಂತೂ ಬೇಡವೇ ಬೇಡ.

ಬದಲಿಗೆ ಫೋಟೊ ತೆಗೆಯಿರಿ. ಗಾಯದ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು, ಹಗಲು ಬೆಳಕಿನಲ್ಲಿ, ವಾರಕ್ಕೊಮ್ಮೆ. ನಾನು ಸೋಮವಾರ ತೆಗೆಯುತ್ತಿದ್ದೆ. ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ, ನೆನಪಿರುತ್ತದೆ. ಎಲ್ಲಿಂದ ಎಲ್ಲಿಗೆ ಏರಿತು ಅನ್ನುವುದನ್ನು ಬಾಯಲ್ಲಿ ಹೇಳಿದ್ದಕ್ಕಿಂತ ಆ ಫೋಟೊಗಳು ಚೆನ್ನಾಗಿ ಹೇಳಿದವು.

ಯಾವ ದವಾಖಾನೆ, ಏನು ಹೇಳಬೇಕು

ಚರ್ಮರೋಗ ವಿಭಾಗ ಮತ್ತು ಮೈಕ್ರೋಬಯಾಲಜಿ ಲ್ಯಾಬ್ ಎರಡೂ ಒಂದೇ ಆವರಣದಲ್ಲಿರುವ ಕಡೆ ಹೋಗಿ. ಅಂದರೆ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಊರಲ್ಲಿ ಇವೆ. ಇಂಡಿ ಕಡೆಯವರು ಸೊಲ್ಲಾಪುರಕ್ಕೂ ಹೋಗುತ್ತಾರೆ, ಅಡ್ಡಿಯಿಲ್ಲ. ಖಾಸಗಿ ಕ್ಲಿನಿಕ್ಕಿನ ಚರ್ಮದ ಡಾಕ್ಟರರು ಒಳ್ಳೆಯವರೇ ಇರಬಹುದು, ಆದರೆ ಫಂಗಸ್ ಬೆಳೆಸಿ ನೋಡುವ ಲ್ಯಾಬ್ ಪಕ್ಕದಲ್ಲಿ ಇಲ್ಲದಿದ್ದರೆ ತುಣುಕು ಕೊರಿಯರಿನಲ್ಲಿ ಅಲೆಯುತ್ತದೆ.

ಕೂತ ತಕ್ಷಣ ಗಂಟಿನ ಕಥೆ ಶುರು ಮಾಡಬೇಡಿ, ಕೆಲಸದ ಕಥೆ ಹೇಳಿ. ನಾನು ಹೋದಾಗ ಕಲಿಯುತ್ತಿದ್ದ ಚಿಕ್ಕ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ ಅದು: "ಅಕ್ಕಾರ, ನೀವು ಏನ್ ಕೆಲಸಾ ಮಾಡ್ತೀರಿ?"

"ಲಿಂಬಿ ತ್ವಾಟ ಐತ್ರಿ. ಹಣ್ಣ ಹರಿಯೂದು, ಟೊಂಗಿ ಕಡಿಯೂದು ಎಲ್ಲಾ ನಾನ ಮಾಡ್ತೀನಿ."

ಅವಳು ಪೆನ್ನು ಕೆಳಗಿಟ್ಟು ನನ್ನ ಕೈಯನ್ನು ತನ್ನ ಕೈಗೆ ತೆಗೆದುಕೊಂಡು ಬೆರಳಿಂದ ಮೊಳಕೈವರೆಗೆ ಒತ್ತುತ್ತಾ ಹೋದಳು, ಆಮೇಲೆ ಒಳಗೆ ಹೋಗಿ ದೊಡ್ಡ ಡಾಕ್ಟರರನ್ನು ಕರೆತಂದಳು. ಲಿಂಬಿಯೋ, ಗುಲಾಬಿಯೋ, ಜಾಲಿ ಕಂಟಿಯೋ, ಕಬ್ಬಿನ ರವದಿಯೋ, ಏನು ಚುಚ್ಚಿತು, ಸುಮಾರು ಯಾವಾಗ, ಏನೇನು ಹಚ್ಚಿದ್ದೀರಿ, ಯಾವ ಗುಳಿಗೆ ನುಂಗಿದ್ದೀರಿ, ಎಲ್ಲ ಹೇಳಿ. ಖಾಲಿ ಟ್ಯೂಬು, ಗುಳಿಗೆ ಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಮನೆಯ ಬೆಕ್ಕು ಕಚ್ಚಿದ್ದರೆ, ಪರಚಿದ್ದರೆ ಅದನ್ನೂ ಹೇಳಿ. ಬ್ರೆಜಿಲಿನಲ್ಲಿ 1990ರ ದಶಕದ ಕೊನೆಯಿಂದ ಇದರದೇ ಇನ್ನೊಂದು ಜಾತಿ ಬೆಕ್ಕುಗಳಿಂದ ಮನುಷ್ಯರಿಗೆ ಹಬ್ಬುತ್ತಿದೆ.

ಸಕ್ಕರೆ ಬ್ಯಾನಿ ಇದೆಯೇ, ಎಚ್‌ಐವಿ ಇದೆಯೇ ಎಂದು ರಕ್ತ ಪರೀಕ್ಷೆ ಬರೆಯುತ್ತಾರೆ. ನಮ್ಮವರು ಆ ಎರಡನೆಯ ಹೆಸರು ಕೇಳಿದರೆ ಮುಖ ತಿರುಗಿಸುತ್ತಾರೆ. ಮಾಡಿಸಿಕೊಳ್ಳಿ. ಶಕ್ತಿ ಕುಂದಿದವರಲ್ಲಿ ಈ ಫಂಗಸ್ ಚರ್ಮ ಬಿಟ್ಟು ಕೀಲು, ಎಲುಬು, ಶ್ವಾಸಕೋಶದ ವರೆಗೂ ಹೋಗಬಲ್ಲದು, ಆಗ ಔಷಧಿಯ ದಾರಿಯೇ ಬೇರೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಚರ್ಮದಲ್ಲೇ ನಿಲ್ಲುತ್ತದೆ. ಈ ಫಂಗಸ್ಸಿಗೆ ತಂಪು ಬೇಕು, ಹೊರಮೈಯ ಚರ್ಮ ಒಳಗಿನ ಅಂಗಗಳಿಗಿಂತ ತಂಪು. ಅದೂ ಒಂದು ಕಾರಣ. ನನಗೆ ಸಕ್ಕರೆ ಇಲ್ಲ, ಬಿಪಿ ಇಲ್ಲ, ಹೊಲದಲ್ಲಿ ಗಂಡಾಳಿನ ಸಮ ದುಡಿಯುವವಳು. "ಇಷ್ಟ್ ಗಟ್ಟಿ ಇದ್ದಾಕಿಗೆ ಹೆಂಗ ಬಂತು" ಎಂದು ಎಲ್ಲರೂ ಕೇಳಿದರು. ಗಟ್ಟಿ ಇದ್ದವರೇ ತೋಟದಲ್ಲಿ ದುಡಿಯುತ್ತಾರೆ, ಅವರಿಗೇ ಮುಳ್ಳು ಚುಚ್ಚುತ್ತದೆ.

ಎರಡು ಬಾಟಲಿ

ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ರೋಗ ತಿಳಿಯಲು ಗಂಟಿನ ಒಂದು ತುಣುಕು ತೆಗೆಯುತ್ತಾರೆ, ಬಯಾಪ್ಸಿ. ಜಾಗ ಮರಗಟ್ಟಿಸುವ ಇಂಜೆಕ್ಷನ್ ಒಂದು ಕ್ಷಣ ಉರಿಯುತ್ತದೆ, ಆಮೇಲೆ ಏನೂ ತಿಳಿಯುವುದಿಲ್ಲ, ಒಂದೆರಡು ಹೊಲಿಗೆ ಹಾಕಿ ಕಳಿಸುತ್ತಾರೆ. ಆ ತುಣುಕು ಎರಡು ಬಾಟಲಿಗೆ ಹೋಗಬೇಕು. ಒಂದು ಫಾರ್ಮಲಿನ್ ಬಾಟಲಿ, ಅದು ಪೆಥಾಲಜಿಗೆ. ಇನ್ನೊಂದು ಬರೀ ಸಲೈನ್ ಇರುವ ಸ್ಟೆರೈಲ್ ಬಾಟಲಿ, ಅದು ಮೈಕ್ರೋಬಯಾಲಜಿಗೆ, ಕಲ್ಚರ್ ಮಾಡಲು. ಫಾರ್ಮಲಿನ್ ಮಾಂಸ ಕೆಡದಂತೆ ಇಡುತ್ತದೆ, ಅದರಲ್ಲಿರುವ ಫಂಗಸ್ಸನ್ನು ಕೊಲ್ಲುತ್ತದೆ. ಸತ್ತದ್ದನ್ನು ಬೆಳೆಸಿ ನೋಡಲು ಬರುವುದಿಲ್ಲ.

ನಾನು ಮೊದಲು ತೋರಿಸಿದ್ದ ಒಂದು ಕಡೆ ಇಡೀ ತುಣುಕನ್ನು ಫಾರ್ಮಲಿನ್ನಿಗೆ ಹಾಕಿ ನಮ್ಮ ಕೈಗೇ ಕೊಟ್ಟು, ಹೊರಗಿನ ಲ್ಯಾಬಿಗೆ ಕೊಡಿ ಅಂದಿದ್ದರು. ಬಂದ ರಿಪೋರ್ಟಿನಲ್ಲಿ ಇದ್ದದ್ದು ಗ್ರಾನ್ಯುಲೋಮಾ ಎಂಬ ಪದ (ಸೋಂಕಿನ ಸುತ್ತ ಮೈಯ ಜೀವಕೋಶಗಳು ಕೂಡಿ ಕಟ್ಟುವ ಸಣ್ಣ ಗಂಟು), ಅದರ ಕೆಳಗೆ ಟಿಬಿ ಇರಬಹುದು ಎಂಬ ಸಾಲು. ಈ ರೋಗದಲ್ಲಿ ಹಾಗಾಗುವುದು ಸಾಮಾನ್ಯ. ಮನುಷ್ಯರ ಗಂಟಿನಲ್ಲಿ ಫಂಗಸ್ಸಿನ ಕಣಗಳು ಬಹಳ ಕಡಿಮೆ ಇರುತ್ತವೆ, ಸ್ಲೈಡಿನಲ್ಲಿ ಕಣ್ಣಿಗೆ ಬೀಳದೆ ಹೋಗುತ್ತವೆ, ಉಳಿದ ನೋಟ ಚರ್ಮದ ಟಿಬಿಯ ಹಾಗೇ ಇರುತ್ತದೆ. ಚರ್ಮದ ಟಿಬಿಯೂ ನಮ್ಮಲ್ಲಿ ಇರುವುದರಿಂದ ಟಿಬಿ ಗುಳಿಗೆ ಶುರು ಮಾಡುವ ಡಾಕ್ಟರರನ್ನು ದೂರಲಾಗದು. ಆದರೆ ಅದಕ್ಕೆ ಮುಂಚೆ ಕಲ್ಚರ್ ಆಗಲಿ. ಸಲೈನಿನ ತುಣುಕಿನಲ್ಲೇ ಫಂಗಸ್, ಟಿಬಿ ಎರಡನ್ನೂ ನೋಡಬಹುದು. ಕೇಳುವ ಬಗೆ ಸರಳ: "ಸರ್, ಕಲ್ಚರಿಗೂ ಕಳಸ್ತೀರೇನ್ರಿ? ಸಲೈನ್‌ದಾಗ ಬ್ಯಾರೆ ಹಾಕ್ತೀರೇನ್ರಿ?" ಇಷ್ಟು ಕೇಳಿದ್ದಕ್ಕೆ ಯಾರೂ ಸಿಟ್ಟಾಗಲಿಲ್ಲ. ಸಲೈನ್ ಬಾಟಲಿ ಅವತ್ತೇ ಲ್ಯಾಬ್ ಮುಟ್ಟಬೇಕು. ನಿಮ್ಮ ಕೈಗೇ ಕೊಟ್ಟರೆ ಕ್ಯಾಂಟೀನಿಗೆ ಆಮೇಲೆ ಹೋಗಿ.

ಕಲ್ಚರ್ ಅಂದರೆ ತುಣುಕನ್ನು ಗಾಜಿನ ನಳಿಕೆಯಲ್ಲಿ ಸಾಬುರೋ ಅಗರ್ ಎಂಬ ಆಹಾರದ ಮೇಲೆ ಇಟ್ಟು, 25 ಡಿಗ್ರಿ ತಂಪಿನಲ್ಲಿ ಕಾಯುವುದು. ಹೆಚ್ಚಾಗಿ ಒಂದೆರಡು ವಾರದೊಳಗೆ ಕಾಣುತ್ತದೆ, ಆದರೆ ನಾಲ್ಕು ವಾರ ನೋಡದೆ ಇಲ್ಲ ಎಂದು ಬರೆಯುವುದಿಲ್ಲ. ರಿಪೋರ್ಟ್ ಕೇಳಲು ಹೋದಾಗ ಲ್ಯಾಬಿನ ಮೇಡಂ ನನ್ನ ನಳಿಕೆ ತೋರಿಸಿದರು. ಇಳಿಜಾರು ಅಗರಿನ ನಡುವೆ ಹಸಿ ಹಸಿಯಾದ ಬಿಳಿ ಪದರ, ಮೇಲೆ ಸುಕ್ಕು, ಅಂಚಿನಿಂದ ಒಳಕ್ಕೆ ಕಂದು ಬಣ್ಣ ತಿರುಗುತ್ತಿತ್ತು. ಬಿಟ್ಟರೆ ಪೂರ್ತಿ ಕಪ್ಪಾಗುತ್ತದೆ ಅಂದರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಿದೆ: ಕೂದಲಿಗಿಂತ ಸಣ್ಣ ಎಳೆ, ಎಳೆಯ ತುದಿಗೆ ಪುಟ್ಟ ಪುಟ್ಟ ಕಣಗಳು ಸೇವಂತಿಗೆ ಎಸಳಿನ ಹಾಗೆ ಸುತ್ತುಗಟ್ಟಿದ್ದವು. ಅದನ್ನೇ 37 ಡಿಗ್ರಿಯಲ್ಲಿ ಬೆಳೆಸಿದರೆ ಎಳೆ ಹೋಗಿ ಬರೀ ಉಂಡೆ ಕಣಗಳಾಗುತ್ತದಂತೆ. ತೋಟದಲ್ಲಿ ಒಂದು ರೂಪ, ಮೈಯೊಳಗೆ ಇನ್ನೊಂದು. ಹೀಗೆ ರೂಪ ಬದಲಿಸಿದ್ದನ್ನು ನೋಡಿಯೇ ಇದೇ ಎಂದು ಖಾತ್ರಿ ಮಾಡುತ್ತಾರೆ.

ಕಲ್ಚರ್ ರಿಪೋರ್ಟ್ ತಾನಾಗಿ ಮನೆಗೆ ಬರುವುದಿಲ್ಲ. ಲ್ಯಾಬ್ ನಂಬರ್ ಬರೆದುಕೊಂಡು ಬನ್ನಿ, ವಾರಕ್ಕೊಮ್ಮೆ ಫೋನು ಮಾಡಿ.

ಔಷಧಿ

ಸಾಮಾನ್ಯವಾಗಿ ಕೊಡುವುದು ಇಟ್ರಾಕೊನಜೋಲ್ ಕ್ಯಾಪ್ಸೂಲ್, ದೊಡ್ಡವರಿಗೆ ದಿನಕ್ಕೆ 200 ಮಿಲಿಗ್ರಾಂ, ಮೂರರಿಂದ ಆರು ತಿಂಗಳು. ಹುಣ್ಣು ಪೂರ್ತಿ ಮಾಯ್ದ ಮೇಲೂ ಎರಡರಿಂದ ನಾಲ್ಕು ವಾರ ಮುಂದುವರಿಸಬೇಕು. ಒಂದೆರಡು ತಿಂಗಳಿಗೆ ಗಂಟು ಇಳಿಯುತ್ತದೆ, ಆಗಲೇ ಜನ ಗುಳಿಗೆ ಬಿಡುತ್ತಾರೆ, ಆಗಲೇ ಅದು ತಿರುಗಿ ಬರುತ್ತದೆ. ಗಜಕರ್ಣಕ್ಕೆ ಕೊಡುವ ಗ್ರಿಸಿಯೋಫಲ್ವಿನ್ ಇದಕ್ಕೆ ನಾಟುವುದಿಲ್ಲ, ಹಾಗಾಗಿ ಮನೆಯಲ್ಲಿ ಉಳಿದ ಗುಳಿಗೆ ನುಂಗಿ ನೋಡುವ ಕೆಲಸ ಬೇಡ.

ಈ ಕ್ಯಾಪ್ಸೂಲ್ ಕರಗಲು ಹೊಟ್ಟೆಯ ಹುಳಿ ಬೇಕು. ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ನುಂಗಿ. ಚಹಾದ ಜೊತೆ ಅಲ್ಲ, ರೊಟ್ಟಿ ಊಟದ ಜೊತೆ. ನಮ್ಮಲ್ಲಿ ಯಾವ ಚೀಟಿ ಬರೆದರೂ ಕೊನೆಗೊಂದು ಗ್ಯಾಸಿನ ಗುಳಿಗೆ ಇದ್ದೇ ಇರುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಎಲ್ಲ ಹೊಟ್ಟೆಯ ಹುಳಿಯನ್ನೇ ತಗ್ಗಿಸುವಂಥವು, ಅವುಗಳ ಜೊತೆ ನುಂಗಿದರೆ ಇಟ್ರಾಕೊನಜೋಲ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಚೀಟಿಯಲ್ಲಿ ಎರಡೂ ಇದ್ದರೆ ಡಾಕ್ಟರರನ್ನು ಕೇಳಿ. ಗ್ಯಾಸಿನ ಗುಳಿಗೆ ಬಿಡಲು ಆಗದವರಿಗೆ ಕೋಲಾ ಜೊತೆ ನುಂಗಲು ಹೇಳುವ ಡಾಕ್ಟರರೂ ಇದ್ದಾರೆ.

ಕೊಲೆಸ್ಟ್ರಾಲ್ ಗುಳಿಗೆ, ರಕ್ತ ತೆಳುವಾಗಿಸುವ ಗುಳಿಗೆ, ನಿದ್ದೆ ಗುಳಿಗೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ಕೆಲವು ಇದರ ಜೊತೆ ಕೂಡಿಬರುವುದಿಲ್ಲ. ಹೃದಯ ದುರ್ಬಲ ಇದ್ದವರಿಗೆ ಈ ಕ್ಯಾಪ್ಸೂಲ್ ಆಗುವುದಿಲ್ಲ. ಬಸುರಿಯರಿಗೂ ಆಗುವುದಿಲ್ಲ, ಔಷಧಿ ನಿಲ್ಲಿಸಿ ಎರಡು ತಿಂಗಳವರೆಗೆ ಬಸಿರಾಗದಂತೆ ನೋಡಿಕೊಳ್ಳಬೇಕು. ಲಿವರ್ ಪರೀಕ್ಷೆ ಶುರುವಿಗೂ ನಡುನಡುವೆಯೂ ಮಾಡಿಸುತ್ತಾರೆ, ತಪ್ಪಿಸಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಾಲು ಊದಿ ಉಸಿರು ಕಟ್ಟಿದರೆ ಕ್ಯಾಪ್ಸೂಲ್ ನಿಲ್ಲಿಸಿ ಅವತ್ತೇ ತೋರಿಸಿ.

ಹಳೆಯ ಔಷಧಿ ಇನ್ನೊಂದಿದೆ, ಪೊಟ್ಯಾಸಿಯಂ ಅಯೋಡೈಡ್ ದ್ರಾವಣ. ಗಣಿ ಕಾರ್ಮಿಕರಿಗೆ ಆಗ ಕೊಟ್ಟದ್ದು ಇದೇ, ಅಗ್ಗ, ಇಂದಿಗೂ ಕೆಲಸ ಮಾಡುತ್ತದೆ. ಹಾಲಿನಲ್ಲೋ ಹಣ್ಣಿನ ರಸದಲ್ಲೋ ಐದೈದು ಹನಿಯಿಂದ ದಿನಕ್ಕೆ ಮೂರು ಹೊತ್ತು ಶುರು ಮಾಡಿ ಮೆಲ್ಲಗೆ ಏರಿಸುತ್ತಾರೆ. ಬಾಯಿ ಕಬ್ಬಿಣದ ರುಚಿ, ಮೂಗು ಸೋರುವುದು, ಮುಖದ ಮೇಲೆ ಮೊಡವೆ, ಕಿವಿಯ ಕೆಳಗೆ ಊತ, ಇವೆಲ್ಲ ಬರಬಹುದು. ಥೈರಾಯ್ಡ್ ತೊಂದರೆ ಇದ್ದವರಿಗೂ ಬಸುರಿಯರಿಗೂ ಹೊಂದುವುದಿಲ್ಲ. ಎರಡೂ ಆಗದವರಿಗೆ ಶಾಖ ಕೊಡುವ ದಾರಿಯಿದೆ: 42-43 ಡಿಗ್ರಿ ಬಿಸಿಯ ಕಾವು ಕೊಡುವುದು, ದಿನವೂ, ತಿಂಗಳುಗಟ್ಟಲೆ. ಅದನ್ನು ಡಾಕ್ಟರರು ತೋರಿಸಿಕೊಟ್ಟ ಹಾಗೆ ಮಾಡಬೇಕು, ನಮ್ಮವರು ಒಲೆಯ ಮೇಲಿನ ಹಂಚಿಗೆ ಬಟ್ಟೆ ಒತ್ತಿ ಹಚ್ಚುವ ಹಾಗಲ್ಲ, ಚರ್ಮ ಬೆಂದೀತು.

ಮನೆಯಲ್ಲಿ, ತೋಟದಲ್ಲಿ

ನಮ್ಮ ಅತ್ತಿ ಮೊದಲ ವಾರವೇ ನನ್ನ ತಾಟು, ಚರಿಗೆ ಬೇರೆ ಇಟ್ಟಿದ್ದರು. ಡಾಕ್ಟರರ ಹತ್ತಿರ ಅವರನ್ನೇ ಕರೆದುಕೊಂಡು ಹೋದೆ, ನಾನು ಹೇಳಿದರೆ ಕೇಳುವವರಲ್ಲ. "ಯವ್ವಾ, ಇದು ಮಂದಿಯಿಂದ ಮಂದಿಗೆ ಹತ್ತೂದಿಲ್ಲ, ಮುಳ್ಳಿನಿಂದ ಹತ್ತತೈತಿ" ಅಂದರು. ಅವತ್ತು ರಾತ್ರಿ ತಾಟು ಕೂಡಿತು. ಅಡುಗೆ ಮಾಡಬಹುದು, ಮಕ್ಕಳನ್ನು ಎತ್ತಿಕೊಳ್ಳಬಹುದು, ಹಣ್ಣು ಪೇಟೆಗೆ ಕಳಿಸಬಹುದು. ಹುಣ್ಣು ಮುಚ್ಚಿರಲಿ, ಅದು ಬೇರೆ ಸೋಂಕು ಕೂಡದಿರಲಿ ಅಂತ.

ತೋಟದಲ್ಲಿ ಬಟ್ಟೆಯ ಕೈಗವಸು ಹಾಕಿ ಪ್ರಯೋಜನವಿಲ್ಲ, ಲಿಂಬಿ ಮುಳ್ಳು ದಾಟಿಯೇ ಬರುತ್ತದೆ. ವೆಲ್ಡಿಂಗ್‌ನವರು ಹಾಕುವ ಮೊಳಕೈವರೆಗಿನ ತೊಗಲಿನ ಗವಸು ಟೊಂಗಿ ಕಡಿಯುವಾಗ, ಕಡಿದ ಮುಳ್ಳು ಎಳೆದು ಹಾಕುವಾಗ ಬಹಳ ಒಳ್ಳೆಯದು. ಹಣ್ಣು ಹರಿಯುವಾಗ ಅದನ್ನು ಹಾಕಿ ಕೆಲಸ ಸಾಗುವುದಿಲ್ಲ, ಯಾರಾದರೂ ಸಾಗುತ್ತದೆ ಅಂದರೆ ಅವರು ಲಿಂಬಿ ಹರಿದವರಲ್ಲ. ಆಗ ಸೀರೆಯ ಮೇಲೆ ಗಂಡಸರ ದಪ್ಪ ಫುಲ್ ಅಂಗಿ, ತೋಳಿನ ಗುಂಡಿ ಹಾಕಿ. ಕೂಲಿಗೆ ಬರುವ ಹೆಣ್ಣುಮಕ್ಕಳು ಬಿಸಿಲಿಗೆಂದು ಹೇಗೂ ತೊಡುತ್ತಾರೆ, ಗುಂಡಿ ಮಾತ್ರ ಹಾಕುವುದಿಲ್ಲ. ಕಡಿದ ಟೊಂಗಿಗಳನ್ನು ಬದುವಿನ ಮೇಲೆ ಮಳೆಗಾಲ ಪೂರ್ತಿ ಕೊಳೆಯಲು ಬಿಟ್ಟು ಆಮೇಲೆ ಬರಿಗೈಯಲ್ಲಿ ತೆಗೆಯುವ ರೂಢಿ ಬಿಡಿ. ಹಸಿ ಇರುವಾಗಲೇ ತೆಗೆಯಿರಿ. ಮನೆಗೆ ಬಂದು ಕೈ ತೊಳೆಯುವ ಬದಲು ತೋಟದ ಬೋರಿನ ಹತ್ತಿರವೇ ಒಂದು ಸಾಬೂನು, ಒಂದು ಚಿಮಟ ಇಡಿ, ಮುರಿದ ಮುಳ್ಳಿನ ತುದಿ ಅಲ್ಲೇ ತೆಗೆಯಲಿಕ್ಕೆ.

ಔಷಧಿ ನಿಂತ ಮೇಲೆ ಕಪ್ಪು ಕಲೆ ಉಳಿಯುತ್ತದೆ, ಅದಕ್ಕೆ ಏನೂ ಹಚ್ಚಬೇಕಿಲ್ಲ. ಮುಂದಿನ ಕೆಲವು ತಿಂಗಳು ಆ ಗೆರೆಯ ಮೇಲೆ ಆಗಾಗ ಬೆರಳಾಡಿಸಿ ನೋಡಿಕೊಳ್ಳಿ. ಹೊಸ ಗಂಟು ಸಿಕ್ಕರೆ ಮೆಡಿಕಲ್ ಅಂಗಡಿಗಲ್ಲ, ಅದೇ ಚರ್ಮ ವಿಭಾಗಕ್ಕೆ, ಹಳೆಯ ಕಲ್ಚರ್ ರಿಪೋರ್ಟ್ ಹಿಡಿದುಕೊಂಡು ಹೋಗಿ. ಆ ಒಂದು ಕಾಗದ ಇದ್ದರೆ ಟಿಬಿಯಿಂದ ಮತ್ತೆ ಶುರು ಮಾಡುವ ತಾಪತ್ರಯ ಇರುವುದಿಲ್ಲ. ಅದರದೊಂದು ಝೆರಾಕ್ಸ್ ಮಾಡಿ ರೇಷನ್ ಕಾರ್ಡಿನ ಜೊತೆ ಇಡಿ.